ಅಚ್ಚಾದದ್ದನ್ನು ನಂಬಿದವರು

ಎರಡನೇ ಮಹಾಯುದ್ಧ ನಡೆದಿದ್ದ ವರ್ಷಗಳಲ್ಲಿ, ಸವಣೂರಿನ ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತು ವಾರಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುವ ಹಿರಿಯರೊಬ್ಬರಿದ್ದರು. ಓದುವ ಮೊದಲು ಪತ್ರಿಕೆಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಯಾರಾದರೂ ಅನುಮಾನಿಸಿದರೆ, "ಅಚ್ಚಾಗೇತಪಾ, ಸುಳ್ಳು ಹೆಂಗಾದೀತು?" ಎನ್ನುತ್ತಿದ್ದರು.

ಅಸ್ಪೃಶ್ಯರೆಂದು ನಾವು ದೂರವಿಟ್ಟ ಕೇರಿಯ ಹುಡುಗರ ಫುಟ್‌ಬಾಲ್ ತಂಡ ಒಮ್ಮೆ ಊರ ತಂಡವನ್ನು ಸೋಲಿಸಿತು. ಗೋಲಿನ ಪಕ್ಕದಲ್ಲೇ ಕುಳಿತಿದ್ದ ಈ ಹಿರಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆದರೆ ಸೋತವರ ಕಡೆಯವನೊಬ್ಬ ಪತ್ರಿಕೆಗೆ ಕಳಿಸಿದ ವರದಿ, ಗೆದ್ದವರು ಎದುರಾಳಿಗಳ ಕಾಲಿಗೆ ಒದ್ದು ಗೆದ್ದರೆಂದಿತು. ಅದು ಜಾತಿಯ ಅಸಹನೆ ಹೆಣೆದ ಸುಳ್ಳು. ಇವರು ಅದನ್ನೂ ಅದೇ ಗಟ್ಟಿ ದನಿಯಲ್ಲಿ ಓದಿದರು.

ಕಟ್ಟೆ ಹತ್ತುವ ಹಕ್ಕಿಲ್ಲದೆ ಕೆಳಗೆ ನಿಂತಿದ್ದ ಆ ತಂಡದ ನಾಯಕ ಕೇಳಿದ: "ನೀವ ನೋಡೀರಲ್ರಿ ಯಜಮಾನ್ರ, ನಾವ್ ಯಾರನ್ನ ಒದ್ದೇವ್ರಿ?"

"ನಾ ನೋಡಿದ್ದು ಒಂದ್ ಕಡಿಂದ ತಮ್ಮಾ. ಪೇಪರಿನವ್ರು ಎಲ್ಲಾ ನೋಡಿರ್ತಾರ."

ಅಂದು ಅವರ ಜೊತೆ ಚಪ್ಪಾಳೆ ತಟ್ಟಿದ್ದ ಕಟ್ಟೆಯ ಮೇಲಿನ ಉಳಿದವರೂ ಹೌದೆಂದು ತಲೆಯಾಡಿಸಿದರು.

ಮುಂದಿನ ರವಿವಾರ ಆ ಹುಡುಗರೊಡನೆ ಆಡಲು ಯಾವ ತಂಡವೂ ಬರಲಿಲ್ಲ. ಅವರು ತಮ್ಮತಮ್ಮಲ್ಲೇ ಚೆಂಡು ಆಡುತ್ತಿದ್ದರು. ಹಿರಿಯರು ಬಂದು ಮೈದಾನದಾಚೆಯ ಬೇವಿನ ಮರದಡಿ ಕುಳಿತರು.

"ಯಾಕ್ರಿ, ಇಷ್ಟ್ ದೂರ ಕುಂತ್ರಿ?" ಎಂದು ನಾನು ಕೇಳಿದೆ.

"ಒದೀತಾರಂತ," ಎಂದರು, ಕಾಲು ಮಡಚಿಕೊಳ್ಳುತ್ತ.