ಬೇಕು ಟೀಚರ್ ‘ಬಹುದು’ ಕಲಿಸಿದ ಬಗೆ

ವಿದ್ಯಾರ್ಥಿಗಳು ಆಕೆಗೆ ಇಟ್ಟ ಹೆಸರು ಬೇಕು ಟೀಚರ್. ಬರೀಬೇಕು, ಓದಬೇಕು, ನೆಟ್ಟಗೆ ಕೂತ್ಕೋಬೇಕು. ಬಾಯಿ ಬಿಟ್ಟರೆ ಬೇಕು. ಆಕೆಯನ್ನು ಅಂದು ಪ್ರಯೋಜನವಿಲ್ಲ. ಅಪ್ಪ ರೈಲು ನಿಲ್ದಾಣದಲ್ಲಿ ಸಿಗ್ನಲ್ ನೋಡಿಕೊಳ್ಳುತ್ತಿದ್ದವರು. ರೈಲು ಬಂದರೂ ಬರಬಹುದು ಎಂದು ಕೈ ಕಟ್ಟಿ ಕೂರುವ ಕೆಲಸವೇ ಅದು? ಮನೆಯಲ್ಲೂ ಅದೇ ಶಿಸ್ತು. ಊಟಕ್ಕೆ ಕೂತಾಗ ಮಾತಾಡಬಾರದು, ಬಿದ್ದರೆ ಅಳಬಾರದು. ಹಾಗೆ ಬೆಳೆದ ಹುಡುಗಿ ಇಂಗ್ಲಿಷ್ ವ್ಯಾಕರಣದ ಟೀಚರ್ ಆದದ್ದು ಆಶ್ಚರ್ಯವಲ್ಲ. ಮದುವೆಯಾದದ್ದು ಮಾತುಮಾತಿಗೆ ನಗುವ ಒಬ್ಬ ಎಲೆಕ್ಟ್ರಿಷಿಯನ್ನನ್ನು ಎಂಬುದೇ ಆಶ್ಚರ್ಯ. ‘ನಮ್ಮನೇಲಿ ವಾಕ್ಯ ಎಲ್ಲಾ ಅವಳದು, ಅಲ್ಪವಿರಾಮ ಮಾತ್ರ ನಂದು’ ಎಂದು ಆತ ಬಂದವರ ಮುಂದೆಲ್ಲ ಹೇಳುತ್ತಿದ್ದ.

ವಾರವಿಡೀ ಶಾಲೆ. ಭಾನುವಾರ ಬೆಳಿಗ್ಗೆ ಸೈಕಲ್ ಅಂಗಡಿಯ ಮಹಡಿಯಲ್ಲಿ ದೊಡ್ಡವರಿಗೆ ಪಾಠ. ನಾಲ್ಕು ಬೆಂಚು, ಗೋಡೆಗೆ ಒರಗಿಸಿದ ಕಪ್ಪು ಹಲಗೆ, ಕೆಳಗಿನಿಂದ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು. ಮುಂದಿನ ಬೆಂಚಿನಲ್ಲಿ ಹೊಲಿಗೆಯಕ್ಕ ಕೂರುತ್ತಿದ್ದಳು. ಬೀದಿಯ ತುದಿಯಲ್ಲಿ ಅವಳ ಟೈಲರಿಂಗ್ ಅಂಗಡಿ. ಕೊನೆಯ ಬೆಂಚು ಡ್ರೈವರಣ್ಣನದು. ಆಳು ಬಾಗಿಲಷ್ಟು ಅಗಲ, ದನಿ ಮಾತ್ರ ಬೆಕ್ಕಿನ ಮರಿಯದು. ಡ್ರೈವರ್ ಎನ್ನುವುದು ಹೆಸರಿಗಷ್ಟೆ. ಈಗ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುತ್ತಿದ್ದ. ಹೊರಗಿನವರು ಬಂದು ಇಂಗ್ಲಿಷಿನಲ್ಲಿ ಕೇಳಿದರೆ ಬೆವರುತ್ತಿದ್ದ. ಅದಕ್ಕೇ ಪಾಠಕ್ಕೆ ಸೇರಿದ್ದು.

ಒಂದು ಭಾನುವಾರ ಟೀಚರ್ ‘ಶುಡ್’ ಕಲಿಸುತ್ತಿದ್ದಳು. ಹಲಗೆಯ ಮೇಲೆ ‘ಯೂ ಶುಡ್ ನಾಟ್ ಕ್ರೈ’ ಎಂದು ಬರೆದು, ‘ನೀನು ಅಳಬಾರದು’ ಎಂದು ಅರ್ಥ ಹೇಳಿದಳು.

‘ಯಾಕೆ ಅಳಬಾರದು ಟೀಚರ್?’ ಎಂದ ಡ್ರೈವರಣ್ಣ.

ತಮಾಷೆಯೆಂದುಕೊಂಡು ಎಲ್ಲರೂ ನಕ್ಕರು. ತಿರುಗಿ ನೋಡಿದರೆ ಅವನ ಕಣ್ಣು ತುಂಬಿತ್ತು. ಹೊಲಿಗೆಯಕ್ಕ ಬಾಯಿ ಹಾಕಿದಳು:

‘ನಾನಂತೂ ಅಳ್ತೀನಪ್ಪ. ಮೆಷಿನ್ ತುಳೀತಾ ತುಳೀತಾ ಅಳ್ತೀನಿ. ಆ ಸದ್ದಲ್ಲಿ ಯಾರಿಗೂ ಕೇಳ್ಸಲ್ಲ. ಹೊಲಿಗೆ ಮಾತ್ರ ಒಂದು ಚೂರೂ ಸೊಟ್ಟ ಆಗಲ್ಲ ನೋಡು!’

ಈ ಸಲ ಡ್ರೈವರಣ್ಣನೂ ನಕ್ಕ. ಟೀಚರ್ ‘ಶುಡ್ ನಾಟ್’ ಅಳಿಸಿ, ಅಲ್ಲಿ ‘ಮೇ’ ಎಂದು ಬರೆದಳು. ಅಳಬಹುದು.

ಮನೆಗೆ ಬಂದರೆ ಗಂಡ ಈರುಳ್ಳಿ ಹೆಚ್ಚುತ್ತಿದ್ದ. ನಡೆದದ್ದನ್ನೆಲ್ಲ ಕೇಳಿ, ‘ನಿಂಗೆ ಯಾರಾದ್ರೂ ಹೇಳಿದ್ರಾ, ಅಳಬಹುದು ಅಂತ?’ ಎಂದ. ಆತ ಈರುಳ್ಳಿ ತಟ್ಟೆಯನ್ನೇ ಮುಂದೆ ತಳ್ಳಿ, ‘ತಗೋ, ನೆಪ ಬೇಕಿದ್ರೆ ಇಲ್ಲಿದೆ’ ಎಂದ. ಆಕೆಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಮನಸ್ಸು ಹತ್ತಿಯಷ್ಟು ಹಗುರವಾಯಿತು.

ಅಂದಿನಿಂದ ಪಾಠದ ಚೆಹರೆಯೇ ಬದಲಾಯಿತು. ಪುಸ್ತಕದ ವಾಕ್ಯಗಳನ್ನು ಬದಿಗಿಟ್ಟು ವಾರಕ್ಕೊಂದು ಪ್ರಶ್ನೆ ಕೇಳತೊಡಗಿದಳು. ಸಿಟ್ಟು ಬಂದರೆ ಏನು ಮಾಡಬಹುದು? ಬೇಸರದಲ್ಲಿರುವವರಿಗೆ ಏನು ಹೇಳಬಾರದು? ‘ನಮ್ಮ ಬಹುದು ಒಂದರ ಹೊಟ್ಟೇಲೇ ಇಂಗ್ಲಿಷಿನ ಕ್ಯಾನ್, ಮೇ, ಮೈಟ್ ಎಲ್ಲ ಮಲಗಿವೆ. ಒಂದೊಂದಾಗಿ ಎಬ್ಬಿಸೋಣ’ ಎಂದಳು.

ಮೊದಲು ಎದ್ದದ್ದು ಹೊಲಿಗೆಯಕ್ಕನ ‘ಕ್ಯಾನ್’. ‘ನಾಳೆನೇ ಬೇಕು’ ಎನ್ನುವ ಗಿರಾಕಿಗೆ ಇಲ್ಲ ಎನ್ನಲಾಗದೆ ನಿದ್ದೆಗೆಡುತ್ತಿದ್ದವಳು, ಒಂದು ದಿನ ಸೊಂಟದ ಮೇಲೆ ಕೈಯಿಟ್ಟು, ‘ಐ ಕಾಂಟ್. ನೆಕ್ಸ್ಟ್ ವೀಕ್ ಐ ಮೈಟ್’ ಎಂದಳಂತೆ. ಗಿರಾಕಿ ತಬ್ಬಿಬ್ಬಾಗಿ, ‘ಆಗ್ಲಿ ಮೇಡಂ’ ಎಂದು ಬಟ್ಟೆ ಇಟ್ಟು ಹೋದನಂತೆ. ‘ಇಷ್ಟು ವರ್ಷ ಅಕ್ಕ ಆಗಿದ್ದೆ, ಒಂದೇ ಮಾತಿಗೆ ಮೇಡಂ ಆಗ್ಬಿಟ್ಟೆ!’ ಎಂದು ಅವಳು ಹೇಳಿದಾಗ ಬೆಂಚುಗಳು ಅಲುಗಾಡಿದವು. ಏನಾಯಿತೋ ಎಂದು ಸೈಕಲ್ ಅಂಗಡಿಯವನು ಪಂಪು ಹಿಡಿದೇ ಮೆಟ್ಟಿಲು ಹತ್ತಿ ಬಂದ.

‘ಮಸ್ಟ್’ ಪಾಠದ ದಿನ ಡ್ರೈವರಣ್ಣ ತನ್ನ ಕತೆ ಹೇಳಿದ. ಇಳಿಜಾರಿನಲ್ಲಿ ಬಸ್ಸಿನ ಬ್ರೇಕ್ ಹೋಗಿತ್ತು. ಆತ ಬಸ್ಸನ್ನು ಮರಳು ರಾಶಿಗೆ ಹತ್ತಿಸಿ ನಿಲ್ಲಿಸಿದ್ದ. ಒಬ್ಬರಿಗೂ ಒಂದು ಗೀರು ಬೀಳಲಿಲ್ಲ. ಊರೆಲ್ಲ ಹೊಗಳಿತು. ಮರುದಿನ ಸ್ಟೀರಿಂಗ್ ಹಿಡಿದವನು ಎಂಜಿನ್ ಶುರುಮಾಡಲಾಗದೆ ಕೆಳಗಿಳಿದ. ಆಮೇಲೆ ಹಿಡಿಯಲೇ ಇಲ್ಲ.

‘ಯೂ ಮಸ್ಟ್ ಬಿ ಬ್ರೇವ್!’ ಎಂದರು ಬೆಂಚಿನವರು, ಹೊಸ ಪದ ಸಿಕ್ಕ ಖುಷಿಯಲ್ಲಿ.

‘ಅದನ್ನ ಎಲ್ಲಾರೂ ಹೇಳಿ ಆಯ್ತು’ ಎಂದು ಆತ ತಲೆ ತಗ್ಗಿಸಿದ.

ಟೀಚರ್ ಸೀಮೆಸುಣ್ಣ ಕೆಳಗಿಟ್ಟಳು. ‘ಮಸ್ಟ್ ಅಂದ್ರೆ ಬರೀ ಅಪ್ಪಣೆ ಅಲ್ಲ. ನಮ್ಮ ಬೇಕೂ ಅಷ್ಟೇ. ಮಾಡಬೇಕು ಅಂತೀವಿ, ಅದು ಹುಕುಂ. ಆಗಿರಬೇಕು ಅಂತಲೂ ಅಂತೀವಿ. ಅದು ಇನ್ನೊಬ್ಬರ ಜಾಗದಲ್ಲಿ ನಿಂತು ಆಡೋ ಮಾತು.’ ಅವನ ಕಡೆ ತಿರುಗಿ ಮೆಲ್ಲಗೆ, ‘ಯೂ ಮಸ್ಟ್ ಹ್ಯಾವ್ ಬೀನ್ ಸ್ಕೇರ್ಡ್. ಅವತ್ತು ನಿಮಗೆ ತುಂಬಾ ಭಯ ಆಗಿರಬೇಕು ಅಣ್ಣ’ ಎಂದಳು.

ಆತ ತಲೆಯೆತ್ತಿ, ‘ಹೌದು ಟೀಚರ್. ಜೀವ ಬಾಯಿಗೆ ಬಂದಿತ್ತು. ಇದನ್ನ ಒಬ್ಬರೂ ಕೇಳಿರ್ಲಿಲ್ಲ’ ಎಂದ. ಬಹಳ ದಿನಗಳಿಂದ ಹೊತ್ತ ಮೂಟೆ ಇಳಿಸಿದವನಂತೆ ಉಸಿರು ಬಿಟ್ಟ.

‘ನಾನು ವ್ಯಾಕರಣದವಳು, ವೈದ್ಯಳಲ್ಲ. ನೀವು ಮನಸ್ಸಿನ ಡಾಕ್ಟರನ್ನ ನೋಡಬೇಕು. ಇದು ಶುಡ್, ಮಸ್ಟ್ ಅಲ್ಲ’ ಎಂದಳು ಟೀಚರ್. ಆತ ಹೋದ. ಡಾಕ್ಟರ್ ಅವಸರ ಮಾಡಿಸಲಿಲ್ಲ. ಮೊದಲು ನಿಂತ ಬಸ್ಸಿನಲ್ಲಿ ಸುಮ್ಮನೆ ಕೂರುವುದು. ಆಮೇಲೆ ಎಂಜಿನ್ ಶುರುಮಾಡಿ ಆರಿಸುವುದು. ಹಾಗೆಯೇ ಕೆಲವು ತಿಂಗಳು ಕಳೆದವು. ಒಂದು ಭಾನುವಾರ ಪಾಠ ಮುಗಿಯುವ ಹೊತ್ತಿಗೆ ಡ್ರೈವರಣ್ಣ ಎದ್ದು ನಿಂತು, ‘ಟುಡೇ ಐ ಮೈಟ್ ಡ್ರೈವ್. ಯೂ ಮೇ ಕಮ್’ ಎಂದ.

ವ್ಯಾಕರಣ ನೋಡುವ ವ್ಯವಧಾನ ಯಾರಿಗಿತ್ತು? ಇಡೀ ತರಗತಿ ಡಿಪೋಗೆ ಹೊರಟಿತು. ಟೀಚರ್ ದಾರಿಯಲ್ಲಿ ಗಂಡನನ್ನೂ ಕರೆದುಕೊಂಡಳು. ಡಿಪೋ ಸಾಹೇಬರು ಮೊದಲೇ ಒಪ್ಪಿದ್ದರು: ಬಸ್ಸು ಅಂಗಳದ ಗೇಟು ದಾಟಬಾರದು, ಎರಡೇ ಸುತ್ತು. ಡ್ರೈವರಣ್ಣ ಸೀಟಿನಲ್ಲಿ ಕೂತು, ಅಂಗೈ ಒರೆಸಿಕೊಂಡು, ಕನ್ನಡಿಯಲ್ಲಿ ಎಲ್ಲರ ಮುಖ ನೋಡಿದ. ಯಾರೂ ಧೈರ್ಯ ಹೇಳಲಿಲ್ಲ. ಕೊನೆಗೆ ಹೊಲಿಗೆಯಕ್ಕ ಬಾಗಿಲು ಬಡಿದು ‘ರೈಟ್, ರೈಟ್!’ ಎಂದಳು. ಬಸ್ಸು ಹೊರಟಿತು.

ಮೊದಲ ಸುತ್ತು ಆಮೆಯ ನಡಿಗೆ. ಎರಡನೆಯದರಲ್ಲಿ ಆತ ಗೇರ್ ಬದಲಿಸಿದ, ಕಿಟಕಿಗಳಲ್ಲಿ ಗಾಳಿ ಆಡಿತು. ಮೂರನೆಯದನ್ನು ಯಾರೂ ಹೇಳಿರಲಿಲ್ಲ, ಅವನೇ ತಿರುಗಿಸಿದ. ಹಿಂದಿನ ಸೀಟಿನಲ್ಲಿ ಎಲೆಕ್ಟ್ರಿಷಿಯನ್ ಸಿಳ್ಳೆ ಹೊಡೆದ. ಟೀಚರೇ ಚಪ್ಪಾಳೆ ತಟ್ಟುತ್ತಿದ್ದಳು. ‘ಎರಡೇ ಅಂದಿದ್ದೆ ಕಣಯ್ಯಾ! ಡೀಸೆಲ್ ಏನು ನಲ್ಲೀಲಿ ಬರುತ್ತಾ?’ ಎಂದು ಕೂಗುತ್ತ ಸಾಹೇಬರು ಪಕ್ಕದಲ್ಲೇ ಓಡಿ ಬಂದರು. ಡ್ರೈವರಣ್ಣ ವೇಗ ಇಳಿಸಿ ಬಸ್ಸು ನಿಲ್ಲಿಸಿದ. ಸಾಹೇಬರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ, ಕಂಬಿ ಹಿಡಿದು ನಿಂತು ಹೇಳಿದರು:

‘ಸರಿ, ಇನ್ನೊಂದು ಹೊಡಿ.’