ಅನ್‌ಫಿಟ್ ದೇಹದ ಓಟ

ವನಜಕ್ಕ, ನನ್ನ ಕಿಡ್ನಿಗೆ ಯಾವ ದೋಷವೂ ಇರಲಿಲ್ಲ. ಈಗಲೂ ಇಲ್ಲ. ನಿಮ್ಮ ತಂಗಿಗೆ, ನನ್ನ ಹೆಂಡತಿ ರೇಖಾಗೆ, ಅದು ಸರಿಯಾಗಿಯೇ ಹೊಂದುತ್ತಿತ್ತು — ಕೊಡಲು ಹೆದರಿದೆ, ಅಷ್ಟೇ.

ವಿಜಯವಾಡದ ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ನನ್ನೊಬ್ಬನನ್ನೇ ಕೂರಿಸಿಕೊಂಡು, ಮನಸಾರೆ ಒಪ್ಪಿದ್ದೀರಾ ಎಂದು ಕೇಳಿದರು. ಇಲ್ಲ ಅಂದೆ. ಒಲ್ಲದವರ ಗುಟ್ಟನ್ನು ಅವರು ಬಿಟ್ಟುಕೊಡುವುದಿಲ್ಲವಂತೆ. ಮನೆಯವರಿಗೆ ‘ಅನ್‌ಫಿಟ್’ ಎಂದಷ್ಟೇ ಹೇಳುತ್ತಾರಂತೆ. ಆ ಪದ ಸಿಕ್ಕಿದ್ದೇ ತಡ, ಹೊರಗೆ ಬಂದು ನಿಮ್ಮ ಮುಂದೆ ಅತ್ತೆ. ನನ್ನ ಕಿಡ್ನಿಯೇ ಸರಿಯಿಲ್ಲವಂತೆ ಎಂಬ ಒಗ್ಗರಣೆಯನ್ನೂ ನಾನೇ ಹಾಕಿದೆ. ಥೂ — ಆ ಅಳು ನೆನೆದರೆ ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸುತ್ತದೆ. ನೀವೋ, ಬೆನ್ನು ಸವರಿದಿರಿ.

“ಅಳಬೇಡಪ್ಪಾ ಮೂರ್ತಿ. ನಿಂದು ಆಗ್ದಿದ್ರೆ ನಂದಿದೆ ಅಲ್ವಾ.”

ನಿಮ್ಮ ಕಿಡ್ನಿಯಿಂದ ರೇಖಾ ಬದುಕಿದಳು. ವಿಶಾಖಪಟ್ಟಣದ ಮನೆಗೆ ಮರಳಿದ ಮೇಲೆ ನನಗೊಂದು ಹುಚ್ಚು ಹತ್ತಿತು — ಆ ಆಸ್ಪತ್ರೆಯ ಬಡ ರೋಗಿಗಳಿಗಾಗಿ ಮ್ಯಾರಥಾನ್ ಓಡಿ ಹಣ ಎತ್ತಬೇಕು. ಅಂಗಿಯ ಮೇಲೆ ‘ಕೃತಜ್ಞತೆ’ ಎಂದು ಅಚ್ಚು ಹಾಕಿಸಿದೆ. ದ್ವಾರಕಾ ನಗರದ ನಮ್ಮ ಬ್ಯಾಂಕಿನವರೆಲ್ಲ ಕೊಟ್ಟರು. ಕೊಡಬೇಕಾದದ್ದನ್ನು ಮೈಯೊಳಗೇ ಬಚ್ಚಿಟ್ಟುಕೊಂಡವನು ಊರವರಿಂದ ಕೊಡಿಸಿ ದೊಡ್ಡ ಮನುಷ್ಯನಾದೆ.

ಬೀಚ್ ರಸ್ತೆಯಿಂದ ಭೀಮುನಿಪಟ್ಟಣದ ಕಡೆಗೆ ಹೋಗಿ, ತಿರುಗಿ ಬಂದು, ಪೂರ್ತಿ ನಲವತ್ತೆರಡು ಕಿಲೋಮೀಟರ್ ಓಡಿತು ಈ ಅನ್‌ಫಿಟ್ ದೇಹ. ಅತಿಥಿಯಾಗಿ ಬಂದಿದ್ದವರು ಅದೇ ಡಾಕ್ಟರು. ಚೆನ್ನಾಗಿ ಓಡಿದಿರಿ ಎಂದು ತೆಲುಗಿನಲ್ಲಿ ಹೇಳಿ, ನನ್ನ ಮುಖ ನೋಡದೆಯೇ ಕೊರಳಿಗೆ ಮೆಡಲ್ ಹಾಕಿದರು. ಜನ ಚಪ್ಪಾಳೆ ತಟ್ಟಿದರು.

ನನ್ನ ಓಟ ನೋಡಲೆಂದೇ ನೀವು ರೈಲು ಹತ್ತಿ ಬಂದಿದ್ದಿರಿ. ನನಗೆ ಬಗ್ಗಲಾಗುತ್ತಿಲ್ಲವೆಂದು, ಆಪರೇಷನ್ ಆದ ಪಕ್ಕೆಗೆ ಒಂದು ಕೈ ಒತ್ತಿಕೊಂಡು, ನೀವೇ ಬಗ್ಗಿ ನನ್ನ ಶೂ ಲೇಸು ಬಿಚ್ಚಿದಿರಿ.

“ನಿನ್ನ ಕಿಡ್ನಿ ಸರಿಯಿಲ್ಲ ಅಂದಿದ್ರಲ್ಲಪ್ಪಾ, ಇಷ್ಟು ದೂರ ಓಡಬಹುದಾ? ನಂಗೆ ಭಯ ಆಗ್ತದೆ.”

ಸಂಶಯಪಟ್ಟು ಕೇಳಿದ್ದರೆ ಬಾಯಿಬಿಡುತ್ತಿದ್ದೆನೋ ಏನೋ — ಇಲ್ಲ, ಆಗಲೂ ಬಿಡುತ್ತಿರಲಿಲ್ಲ. “ಅದು ಬೇರೆ ಅಕ್ಕಾ, ಇದು ಬೇರೆ,” ಅಂದೆ. ನಾಲಿಗೆ ತಡವರಿಸಲೂ ಇಲ್ಲ. ವೇದಿಕೆಯ ಹಿಂದೆ ಹೋಗಿ ವಾಂತಿ ಮಾಡಿದೆ. ಬಿಸಿಲಿಗೆ ಹಾಗಾಗುತ್ತದೆ ಎಂದು ಯಾರೋ ಸಮಾಧಾನ ಹೇಳಿದರು.

ಆಮೇಲೂ ವರ್ಷ ವರ್ಷ ಓಡಿದೆ. ನಾಚಿಕೆಗೆಟ್ಟವನು.

ಮೊನ್ನೆ ವಿಜಯವಾಡದ ಭವಾನಿಪುರಂನ ನಿಮ್ಮ ಮನೆಯಿಂದ ಫೋನ್ ಮಾಡಿದಿರಿ. ಈ ಶುಕ್ರವಾರ ದುರ್ಗಮ್ಮನ ಬೆಟ್ಟದಲ್ಲಿ ಮೆಟ್ಟಿಲ ಪೂಜೆಗೆ ಹರಕೆ ಹೊತ್ತಿದ್ದೀರಂತೆ, ನನ್ನ ಕಿಡ್ನಿ ಗಟ್ಟಿಯಾಗಿರಲೆಂದು. ಒಂದೊಂದು ಮೆಟ್ಟಿಲಿಗೂ ಬಗ್ಗಿ, ಅರಿಸಿನ ಕುಂಕುಮ ಹಚ್ಚುತ್ತ, ಒಂದೇ ಕಿಡ್ನಿಯ ನೀವು — ನನ್ನ ಎರಡಕ್ಕಾಗಿ. ಫೋನ್ ಹಿಡಿದ ನನ್ನ ಕೈಯ ಮೇಲೇ ನನಗೆ ಅಸಹ್ಯವಾಯಿತು.

ಇವತ್ತು ಬೆಳಿಗ್ಗೆ ರೇಖಾಗೆ ಎಲ್ಲ ಹೇಳಿದೆ. ಅವಳು ಕೂಗಾಡಲಿಲ್ಲ. “ಅಕ್ಕನಿಗೆ ಹೇಳೋವರೆಗೂ ನನ್ನ ಹತ್ರ ಮಾತಾಡಬೇಡಿ,” ಅಂದಳು. ನಿಮ್ಮ ಕಿಡ್ನಿ ಇರುವ ಜಾಗದ ಮೇಲೆ ಕೈಯಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು.

ರೈಲು ವಿಜಯವಾಡ ಸೇರುತ್ತಿದೆ. ಕ್ಷಮಿಸಿ ಎನ್ನುವ ಮುಖ ನನಗಿಲ್ಲ. ನೀವು ಮೊದಲ ಮೆಟ್ಟಿಲಿಗೆ ಬಗ್ಗುವ ಮುಂಚೆ ಎಲ್ಲವನ್ನೂ ಹೇಳುತ್ತೇನೆ, ಅಕ್ಕಾ. ಈ ಸಲ ಅಳುವುದಿಲ್ಲ.