ಕಾಕಾರ ಅಂಗೈ ಕೆಳಗಿನ ಚೆಂಡು

ಲಕ್ವಾ ಹೊಡೆದ ಮೇಲೆ ಕಾಕಾರ ಬಲಗೈ ಬೆರಳುಗಳು ಇಲ್ಲದ ಕೋಲೊಂದನ್ನು ಹಿಡಿದಂತೆ ಒಳಕ್ಕೆ ಮಡಚಿಕೊಂಡಿದ್ದವು. ಅಂಗೈಯಲ್ಲಿ ಮಾತ್ರ ಒಂದಿಷ್ಟು ಜೀವವಿತ್ತು. ಆ ಕೈ ಕಂಡಾಗಲೆಲ್ಲ ನನಗೆ ಹೆದರಿಕೆ.

ಅವರು ನನಗೆ ರಕ್ತಸಂಬಂಧದ ಕಾಕಾ ಅಲ್ಲ. ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ವಿಡಿಯೋ ಗೇಮಿನ ಅಂಗಡಿ ಇಟ್ಟಿದ್ದರು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನನ್ನ ಕೈಗೆ ಮೊದಲು ಸ್ಕ್ರೂಡ್ರೈವರ್ ಕೊಟ್ಟವರು ಅವರೇ. "ಬಿಚ್ಚು. ಕೆಟ್ರ ನಂದು, ಸುಧಾರಿಸಿದ್ರ ನಿಂದು," ಎನ್ನುತ್ತಿದ್ದರು. ಇಂದು ವಡಗಾವಿಯಲ್ಲಿ ಯಾರ ಪವರ್‌ಲೂಮ್ ನಿಂತರೂ ನನಗೇ ಕರೆ ಬರುತ್ತದೆ. ಹೆಮ್ಮೆಯಿಂದಲೇ ಹೇಳುತ್ತೇನೆ.

ಅಂಗಡಿ ಮುಚ್ಚಿ ಖಾನಾಪುರದ ಮಗಳ ಮನೆ ಸೇರಿದ್ದ ಕಾಕಾ, ಡಾಕ್ಟರು ಹೇಳಿದ ವ್ಯಾಯಾಮ ಬಿಟ್ಟುಬಿಟ್ಟಿದ್ದರು. "ರಬ್ಬರ್ ಚೆಂಡು ಹಿಚುಕಾಕ ನಾ ಏನ ಕೂಸೇನ?" ಎಂದು ಮಗಳ ಮೇಲೆ ಸಿಡುಕುತ್ತಿದ್ದರು. ಒಂದು ದಿನ ನನಗೆ ಹೇಳಿದರು: "ಗೇಮ್ ಆಡೂ ಪ್ಯಾನೆಲ್ ಮಾಡಿಕೊಡು. ಜಾಯ್‌ಸ್ಟಿಕ್ಕಿನ ಕೋಲು ಹಿಡಿಯಾಕ ಆಗೂದಿಲ್ಲ, ಉರುಳಿಸೂ ಚೆಂಡು ಹಾಕು. ಅದೂ ನಡೀಲಿಲ್ಲಂದ್ರ ಈ ಕೈ ಸತ್ತೈತಿ ಅಂತ ತಿಳೀತೀನಿ. ಆಮ್ಯಾಲ ಯಾರೂ ವ್ಯಾಯಾಮ ಅನಬ್ಯಾಡ್ರಿ."

ಬೆಳಗಾವಿಯ ಹಳೆ ಕಂಪ್ಯೂಟರ್ ಸಾಮಾನಿನ ಅಂಗಡಿಯಲ್ಲಿ ಅಗ್ಗದ ಟ್ರ್ಯಾಕ್‌ಬಾಲ್ ಸಿಕ್ಕಿತು. ಮೇಲಿನ ಚೆಂಡು ಉರುಳಿದರೆ ಒಳಗಿನ ಸಣ್ಣ ರೋಲರುಗಳು ತಿರುಗಿ ಪರದೆಯ ಮೇಲೆ ಬಾಣ ಓಡುತ್ತದೆ. ಇದ್ದದ್ದು ಒಂದೇ. ಪ್ಲಾಸ್ಟಿಕ್ ಕವಚ ಕೊಯ್ಯುವಾಗ, ಗುಂಡಿಗಳ ತಂತಿ ಬೆಸೆದು ಹೊರಗೆಳೆಯುವಾಗ ಉಸಿರು ಬಿಗಿಹಿಡಿದಿದ್ದೆ. ಪ್ಯಾನೆಲ್ಲಿಗೆಂದು ಕೊಯ್ದ ಪ್ಲೈವುಡ್ಡಿನ ತೂತು ತುಸು ದೊಡ್ಡದಾದರೂ ಚೆಂಡು ಹೊರಬೀಳುತ್ತಿತ್ತು. ಚಿಕ್ಕದಾದರೆ ಅಂಗೈಗೆ ಎಟುಕುತ್ತಿರಲಿಲ್ಲ. ಓಡಿಸಿ ನೋಡಿದೆ, ಸರಿ ಇತ್ತು. ಹೊರಡುವ ಮುನ್ನ, ಇನ್ನೂ ಹಗುರಾಗಲೆಂದು, ಕೈ ರೂಢಿಯಂತೆ ರೋಲರುಗಳಿಗೆ ಎಣ್ಣೆ ಬಿಟ್ಟೆ.

ಖಾನಾಪುರದಲ್ಲಿ ಮಗಳ ಕಂಪ್ಯೂಟರಿಗೆ ಜೋಡಿಸಿದೆ. ಕಾಕಾ ಅಂಗೈ ಇಟ್ಟು ದೂಡಿದರು. ಬಾಣ ಅಲುಗಲಿಲ್ಲ. ಮತ್ತೆ ದೂಡಿದರು. ಆ ಕೈಗೆ ಸ್ಪರ್ಶ ಸರಿಯಾಗಿ ತಿಳಿಯದೆ, ಚೆಂಡು ಉರುಳಿತೋ ಇಲ್ಲವೋ ಅವರಿಗೆ ಗೊತ್ತಾಗುತ್ತಿರಲಿಲ್ಲ. ಅವರ ಕಣ್ಣು ಪರದೆ ಬಿಟ್ಟು ಕದಲಲಿಲ್ಲ.

"ಮುಗೀತು ಬಿಡು," ಎಂದರು, ಬಹಳ ಸಣ್ಣ ದನಿಯಲ್ಲಿ. ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡರು. ಮಗಳು ಮುಖ ತಿರುಗಿಸಿದಳು.

ಅದೇ ಎಡಗೈಯಿಂದ ಕಣ್ಣೊರೆಸಿಕೊಳ್ಳಹೋದ ಕಾಕಾ ತಟ್ಟನೆ ನಿಂತರು. ಬಲ ಅಂಗೈಯಿಂದ ಹತ್ತಿದ ಜಿಡ್ಡನ್ನು ಮೂಸಿ ನೋಡಿದರು.

"ಏನಲೇ ಇದು, ಮಗ್ಗದ ಎಣ್ಣಿ?"

"ಹೂಂ ಕಾಕಾ... ಸರಳ ತಿರಗಲಿ ಅಂತ..."

"ಚೆಂಡು ಹಿಡಕೊಂಡ್ರಷ್ಟ ರೋಲರ್ ತಿರಗೂದು! ಎಣ್ಣಿ ಹಚ್ಚಿದ್ರ ಜಾರತೈತಿ. ನನ್ನ ಸಾಯಿಸಾಕ ಬಂದೀಯೇನ, ದೀಡಶಾಣ್ಯಾ!"

ಸ್ಪಿರಿಟ್ ಬಟ್ಟೆಯಿಂದ ಚೆಂಡು, ರೋಲರು ಎರಡನ್ನೂ ಒರೆಸಿದೆ. ಕಾಕಾ ಮತ್ತೆ ಅಂಗೈ ಇಟ್ಟರು. ಬಾಣ ತುಸು ಸರಿಯಿತು, ನಿಂತಿತು, ಮತ್ತೆ ಸರಿಯಿತು. ಮಾತಾಡಿದರೆ ನಿಂತೀತೆಂಬ ಭಯ ನನಗೆ.

ಅಂದಿನಿಂದ ದಿನವೂ ಆಡಿದರು. ಕಡೆಗೆ ಆ ಕೈಯಿಂದಲೇ ಚಹಾದ ಕಪ್ಪು ಎತ್ತಿದರು. ಆದರೂ ಮಗಳ ಫೋನ್ ಬಂದಾಗಲೆಲ್ಲ ಹೆದರುತ್ತಲೇ ಎತ್ತುತ್ತಿದ್ದೆ. ಹೋದ ಮಳೆಗಾಲದಲ್ಲಿ ಎರಡನೆಯ ಸಲ ಲಕ್ವಾ ಹೊಡೆಯಿತು. ಕಾಕಾ ತೀರಿಕೊಂಡರೆಂದು, ನಾನು ಹೆದರುತ್ತಿದ್ದ ಆ ಫೋನ್ ಬಂತು.

ಪ್ಯಾನೆಲ್ ಈಗ ನನ್ನ ಮನೆಯಲ್ಲಿದೆ. ಚೆಂಡು ತಡೆತಡೆದು ಓಡುತ್ತದೆ. ಬಿಚ್ಚಿ ನೋಡಿದೆ: ರೋಲರುಗಳ ಮೇಲೆ ಕಾಕಾರ ಅಂಗೈಯ ಕೊಳೆ ಕರ್ರಗೆ ಪಟ್ಟಿ ಕಟ್ಟಿದೆ. ಒರೆಸಿದರೆ ಸರಿಹೋಗುತ್ತದೆಂದು ನನಗೆ ಗೊತ್ತು. ಬಟ್ಟೆ ಕೈಗೆತ್ತಿಕೊಳ್ಳುತ್ತೇನೆ, ಹೆದರಿ ಕೆಳಗಿಡುತ್ತೇನೆ.